ರಬ್ಬರ್ ಬಳೆಗಳ ಹಗ್ಗ: ಒಂದು ಜಿಗಿತದ ಆಟದ ಚರಿತ್ರೆ



ಚರಿತ್ರೆ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ಕೋಟೆ, ಕತ್ತಿ, ಸಿಂಹಾಸನ, ಒಪ್ಪಂದ ಮತ್ತು ಇಸವಿಗಳು. ಪರೀಕ್ಷೆಯಲ್ಲಿ ಕೇಳುವುದೂ ಇವನ್ನೇ. ಆದರೆ ಆ ಕೋಟೆಗಳ ಹೊರಗಿನ ಬೀದಿಗಳಲ್ಲಿ ಮಕ್ಕಳೂ ಇದ್ದರಲ್ಲವೇ? ಅವರು ಆಡಿದ ಆಟಗಳಿಗೆ ಚರಿತ್ರೆ ಇಲ್ಲವೇ? ಇದ್ದರೆ ಅದನ್ನು ಬರೆದಿಟ್ಟವರು ಯಾರು? ಯಾರೂ ಬರೆದಿಡದಿದ್ದರೆ ನಾವು ತಿಳಿದುಕೊಳ್ಳುವುದು ಹೇಗೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಒಂದು ಚಿಕ್ಕ ಆಟವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಮೈದಾನದಲ್ಲಿ ಗೆರೆ ಎಳೆಯಬೇಕಿಲ್ಲ, ಬ್ಯಾಟು ಚೆಂಡು ಬೇಡ, ಟೀಚರ ಸೀಟಿಯೂ ಬೇಡ. ಬೇಕಾದದ್ದು ಒಂದು ಹಿಡಿ ರಬ್ಬರ್ ಬ್ಯಾಂಡ್ ಮತ್ತು ಕನಿಷ್ಠ ಮೂವರು ಮಕ್ಕಳು. ಇಷ್ಟು ಸಣ್ಣ ಆಟದ ಹಿಂದೆ ಎಷ್ಟು ದೊಡ್ಡ ಕಥೆ ಇದೆ ಎಂಬುದನ್ನು ಮುಂದೆ ಓದಿದರೆ ನೀವೇ ಒಪ್ಪುತ್ತೀರಿ.

ಆಟ ಹೇಗೆ?

ಇಂಡೋನೇಷ್ಯಾ, ಮಲೇಷ್ಯಾ ಮತ್ತು ಸಿಂಗಾಪುರಗಳಲ್ಲಿ ಒಂದೆರಡು ತಲೆಮಾರಿನ ಹಿಂದೆ ಈ ಆಟ ಆಡದ ಹುಡುಗಿಯರು ವಿರಳ. ರಬ್ಬರ್ ಬ್ಯಾಂಡುಗಳನ್ನು ಒಂದರೊಳಗೊಂದು ಸಿಕ್ಕಿಸಿ, ಜಡೆ ಹೆಣೆದಂತೆ ಹೆಣೆದು, ಮೂರು ನಾಲ್ಕು ಮೀಟರ್ ಉದ್ದದ ಹಗ್ಗ ಮಾಡಿಕೊಳ್ಳುತ್ತಾರೆ. ಗಟ್ಟಿ ಬೇಕೆಂದರೆ ಎರಡೆರಡು ಬ್ಯಾಂಡುಗಳನ್ನು ಜೋಡಿ ಮಾಡಿ ಹೆಣೆಯುತ್ತಾರೆ. ಒಂದು ಕಿತ್ತುಹೋದರೆ ಇಡೀ ಹಗ್ಗ ಹಾಳಾಗುವುದಿಲ್ಲ, ಅಲ್ಲಿಗೊಂದು ಹೊಸದನ್ನು ಸೇರಿಸಿದರೆ ಮುಗಿಯಿತು. ಮಲಯ್ ಭಾಷೆಯಲ್ಲಿ ರಬ್ಬರ್ ಬ್ಯಾಂಡಿಗೆ ‘ಗೆಲಾಂಗ್ ಗೆತಾ’ ಎನ್ನುತ್ತಾರೆ. ಗೆಲಾಂಗ್ ಎಂದರೆ ಬಳೆ, ಗೆತಾ ಎಂದರೆ ಮರದ ಅಂಟು ಅಥವಾ ರಬ್ಬರ್. ಅಂದರೆ ‘ರಬ್ಬರ್ ಬಳೆ’! ಇಂಡೋನೇಷ್ಯಾದವರು ಹೇಳುವ ‘ಕಾರೆತ್ ಗೆಲಾಂಗ್’ ಎಂಬ ಮಾತಿಗೂ ಅದೇ ಅರ್ಥ.

ಇಬ್ಬರು ಹಗ್ಗದ ಎರಡು ತುದಿ ಹಿಡಿದು ನಿಲ್ಲುತ್ತಾರೆ. ಉಳಿದವರು ಸರದಿಯಂತೆ ದಾಟುತ್ತಾರೆ. ಮೊದಲು ಹಗ್ಗ ನೆಲದ ಮಟ್ಟದಲ್ಲಿ, ಆಮೇಲೆ ಮೊಣಕಾಲು, ಸೊಂಟ, ಎದೆ, ಕಿವಿ, ನೆತ್ತಿ. ನೆತ್ತಿ ಮುಗಿದ ಮೇಲೆ ತಲೆಯಿಂದ ಒಂದು ಗೇಣು ಮೇಲೆ. ಎಲ್ಲಕ್ಕಿಂತ ಕೊನೆಗೆ, ಹಿಡಿದವರು ತೋಳನ್ನು ಪೂರ್ತಿ ಚಾಚಿ ಮೇಲಕ್ಕೆತ್ತಿದಷ್ಟು ಎತ್ತರ. ಸಿಂಗಾಪುರದ ಮಕ್ಕಳು ಇದನ್ನು ‘ಝೀರೋ ಪಾಯಿಂಟ್’ ಎಂದು ಕರೆದರು. ನೆಲದ ಮಟ್ಟವೇ ಅಲ್ಲಿ ಸೊನ್ನೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಮೊದಲನೆಯದು ಅಳತೆ. ಅಳೆಯುವ ಟೇಪು ಇಲ್ಲ, ಕಂಬ ಇಲ್ಲ, ಮನುಷ್ಯನ ಮೈಯೇ ಅಳತೆಗೋಲು. ನಮ್ಮ ಹಿರಿಯರು ಗೇಣು, ಮೊಳ, ಮಾರು ಎಂದು ಬಟ್ಟೆ, ಹೂವು, ಬಾವಿಯ ಆಳವನ್ನೆಲ್ಲ ಅಳೆಯುತ್ತಿದ್ದದ್ದು ಹೀಗೆಯೇ. ಎತ್ತರದ ಹುಡುಗಿ ಹಗ್ಗ ಹಿಡಿದರೆ ‘ಸೊಂಟ’ವೂ ಮೇಲೇರುತ್ತದೆ. ಆದ್ದರಿಂದ ಯಾರು ಹಿಡಿಯಬೇಕು ಎಂಬುದೇ ಚರ್ಚೆಯ ವಿಷಯವಾಗುತ್ತದೆ. ಮಕ್ಕಳು ನ್ಯಾಯ ಅನ್ಯಾಯದ ಬಗ್ಗೆ ವಾದ ಮಾಡಲು ಕಲಿಯುವುದು ಇಂತಹ ಜಾಗಗಳಲ್ಲೇ.

ಎರಡನೆಯದು ನಿಯಮ. ತಗ್ಗಿನ ಹಂತಗಳಲ್ಲಿ ಹಗ್ಗ ಮೈಗೆ ತಾಗಬಾರದು, ತಾಗಿದರೆ ಸರದಿ ಹೋಯಿತು. ಮೇಲಿನ ಹಂತಗಳಲ್ಲಿ ತಾಗಿದರೂ ಚಿಂತೆಯಿಲ್ಲ, ಕಾಲಿನಿಂದ ಹಗ್ಗವನ್ನು ಸೆಳೆದು ತಗ್ಗಿಸಿ ದಾಟಬಹುದು. ಈ ನಿಯಮವನ್ನು ತೆಂಗಿನ ನಾರಿನ ಹಗ್ಗಕ್ಕೆ ಅನ್ವಯಿಸಿ ನೋಡಿ. ಕಾಲು ಸಿಕ್ಕಿಕೊಂಡರೆ ಮಗು ಮುಗ್ಗರಿಸಿ ಬೀಳುತ್ತದೆ. ರಬ್ಬರ್ ಹಾಗಲ್ಲ, ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ತನ್ನ ತಲೆಗಿಂತ ಎತ್ತರದ ಹಗ್ಗವನ್ನು ಹತ್ತು ವರ್ಷದ ಹುಡುಗಿ ದಾಟಬಲ್ಲಳು ಎಂದರೆ ಅದಕ್ಕೆ ಅವಳ ಕಾಲಿನ ಬಲದಷ್ಟೇ ರಬ್ಬರಿನ ಗುಣವೂ ಕಾರಣ. ಈ ಆಟದ ಚರಿತ್ರೆ ರಬ್ಬರಿನ ಚರಿತ್ರೆಯಿಂದ ಬೇರೆಯಲ್ಲ ಎಂದು ನಾನು ಹೇಳುವುದು ಇದಕ್ಕೇ.

ಊರಿಗೊಂದು ಹೆಸರು

ಇದೇ ಆಟದ ಇನ್ನೊಂದು ರೂಪ ಪ್ರಪಂಚದ ತುಂಬ ಹರಡಿದೆ. ಅದರಲ್ಲಿ ಉದ್ದನೆಯ ಇಲಾಸ್ಟಿಕ್ ಪಟ್ಟಿಯ ಎರಡು ತುದಿಗಳನ್ನು ಗಂಟು ಹಾಕಿ ಬಳೆಯಂತೆ ಮಾಡಿಕೊಳ್ಳುತ್ತಾರೆ. ಇಬ್ಬರು ಎದುರುಬದುರು ನಿಂತು ಅದನ್ನು ಕಾಲಿನ ಹರಡಿನ ಸುತ್ತ ಸಿಕ್ಕಿಸಿಕೊಳ್ಳುತ್ತಾರೆ. ನಡುವೆ ಎರಡು ಸಮಾನಾಂತರ ಗೆರೆಗಳು ಉಂಟಾಗುತ್ತವೆ. ಮೂರನೆಯವಳು ಒಳಗೆ, ಹೊರಗೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ, ಗೆರೆಯ ಮೇಲೆ, ಹೀಗೆ ಲೆಕ್ಕ ತಪ್ಪದೆ ಜಿಗಿಯುತ್ತಾಳೆ. ಪೂರ್ತಿ ಮಾಡಿದರೆ ಇಲಾಸ್ಟಿಕ್ ಮೊಣಕಾಲಿಗೆ ಏರುತ್ತದೆ, ತಪ್ಪಿದರೆ ಅವಳು ಕಂಬವಾಗಿ ನಿಲ್ಲಬೇಕು. ನಮ್ಮ ನಗರಗಳ ಹುಡುಗಿಯರೂ ದರ್ಜಿಗಳ ಸಾಮಾನಿನ ಅಂಗಡಿಯಿಂದ ಒಂದೆರಡು ಮೀಟರ್ ತಂದು ‘ಇಲಾಸ್ಟಿಕ್ ಆಟ’ ಎಂದು ಆಡಿರುವುದು ಇದನ್ನೇ.

ಇದಕ್ಕೆ ಬೇರೆ ಬೇರೆ ದೇಶಗಳಲ್ಲಿರುವ ಹೆಸರುಗಳನ್ನು ನೋಡಿದರೆ ನಗು ಬರುತ್ತದೆ. ಅಮೆರಿಕದ ಮಕ್ಕಳು ಇದನ್ನು ‘ಚೀನೀ ಜಿಗಿಹಗ್ಗ’ ಎಂದರು. ಫಿಲಿಪೀನ್ಸಿನವರೂ ಚೀನಾದ ಹೆಸರನ್ನೇ ಹಿಡಿದು ‘ಚೈನೀಸ್ ಗಾರ್ಟರ್’ ಎಂದರು. ಬ್ರಿಟನ್ನಿನವರು ‘ಫ್ರೆಂಚ್ ಸ್ಕಿಪ್ಪಿಂಗ್’ ಎಂದು ಕರೆದರು. ಫ್ರಾನ್ಸಿನವರು ಮಾತ್ರ ಸುಮ್ಮನೆ ‘ಇಲಾಸ್ಟಿಕ್’ ಎಂದರು. ಚೀನಾದಲ್ಲಿ ‘ತಿಯಾವ್ ಪೀಜಿನ್’, ಅಂದರೆ ರಬ್ಬರ್ ದಾರ ಜಿಗಿಯುವುದು. ಕೊರಿಯಾದಲ್ಲಿ ‘ಗೊಮುಜುಲ್ ನೋರಿ’, ಅಂದರೆ ರಬ್ಬರ್ ಹಗ್ಗದ ಆಟ. ಜರ್ಮನಿಯ ‘ಗುಮ್ಮಿಟ್ವಿಸ್ಟ್’ ಎಂಬ ಹೆಸರಿನಲ್ಲಿ 1960ರ ದಶಕದ ಟ್ವಿಸ್ಟ್ ಕುಣಿತದ ನೆನಪಿದೆ. ರಷ್ಯಾದಲ್ಲಿ ‘ರೆಜಿನೋಚ್ಕಾ’.

ಒಬ್ಬರು ಚೀನಾ ಎನ್ನುತ್ತಾರೆ, ಇನ್ನೊಬ್ಬರು ಫ್ರಾನ್ಸ್ ಎನ್ನುತ್ತಾರೆ. ಆಟ ದೂರದಿಂದ ಬಂದದ್ದು ಎಂಬ ಭಾವನೆ ಮಕ್ಕಳಲ್ಲಿತ್ತು ಎಂಬುದನ್ನು ಮಾತ್ರ ಈ ಹೆಸರುಗಳು ತೋರಿಸುತ್ತವೆ. ಹೆಸರಿನಲ್ಲಿ ಒಂದು ದೇಶವಿದೆ ಎಂದ ಮಾತ್ರಕ್ಕೆ ಆಟ ಆ ದೇಶದ್ದೇ ಆಗಬೇಕಿಲ್ಲ. ಚರಿತ್ರೆ ಓದುವ ವಿದ್ಯಾರ್ಥಿಗಳು ಈ ಎಚ್ಚರವನ್ನು ಊರುಗಳ ಹೆಸರು, ಮನೆತನಗಳ ಹೆಸರುಗಳ ವಿಷಯದಲ್ಲೂ ಇಟ್ಟುಕೊಳ್ಳುವುದು ಒಳ್ಳೆಯದು.

ಉರ್ದು ಬಲ್ಲ ಓದುಗರಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇರಾನಿನಲ್ಲಿ ಈ ಆಟದ ಹೆಸರು ‘ಕೆಶ್ ಬಾಝಿ’. ಕೆಶ್ ಎಂದರೆ ಇಲಾಸ್ಟಿಕ್. ಆ ಪದ ‘ಎಳೆಯುವುದು’ ಎಂಬ ಅರ್ಥದ ಕಶೀದನ್ ಎಂಬ ಫಾರ್ಸಿ ಕ್ರಿಯಾಪದದಿಂದ ಬಂದಿದೆ. ನಾವು ಉರ್ದುವಿನಲ್ಲಿ ಆಕರ್ಷಣೆಗೆ ‘ಕಶಿಶ್’ ಎನ್ನುತ್ತೇವೆ, ಎಳೆದಾಟಕ್ಕೆ ‘ಕಶ್ಮಕಶ್’ ಎನ್ನುತ್ತೇವೆ. ಮೂರೂ ಒಂದೇ ಬೇರಿನ ಮಾತುಗಳು. ಕವಿಗಳ ಕಶಿಶ್ ಮತ್ತು ತೆಹ್ರಾನಿನ ಹುಡುಗಿಯರ ಕೆಶ್ ಬಂಧುಗಳು ಎಂದು ತಿಳಿದಾಗ ಪದಕೋಶ ತೆರೆಯುವ ಕೆಲಸವೂ ಹಿತವೆನಿಸುತ್ತದೆ.

ರಬ್ಬರಿನ ಮೊದಲ ಕೆಲಸವೇ ಆಟ

ಈಗ ರಬ್ಬರಿನ ಕಡೆ ಬರೋಣ. ಟೈರು, ಚಪ್ಪಲಿ, ಪೈಪುಗಳಿಗೆ ಮುಂಚೆ ಮನುಷ್ಯ ರಬ್ಬರನ್ನು ಬಳಸಿದ್ದು ಚೆಂಡಿಗಾಗಿ. ಮೆಕ್ಸಿಕೋದ ಎಲ್ ಮನಾತಿ ಎಂಬ ಜವುಗು ಜಾಗದಲ್ಲಿ ಸುಮಾರು 3,600 ವರ್ಷ ಹಳೆಯ ರಬ್ಬರ್ ಚೆಂಡುಗಳು ಸಿಕ್ಕಿವೆ. ಅಲ್ಲಿನ ಜನ ಒಂದು ಜಾತಿಯ ಮರದ ಹಾಲಿಗೆ ಒಂದು ಬಳ್ಳಿಯ ರಸ ಬೆರೆಸಿ ಅದನ್ನು ಪುಟಿಯುವ ಹಾಗೆ ಮಾಡುವ ವಿದ್ಯೆ ಕಂಡುಕೊಂಡಿದ್ದರು. ಆ ಪ್ರದೇಶದ ಪ್ರಾಚೀನ ನಾಗರಿಕತೆಯನ್ನು ನಾವು ‘ಓಲ್ಮೆಕ್’ ಎನ್ನುತ್ತೇವೆ. ನಂತರದ ಕಾಲದ ನಾವಾತ್ಲ್ ಭಾಷೆಯಲ್ಲಿ ಅದರ ಅರ್ಥ ‘ರಬ್ಬರ್ ನಾಡಿನ ಜನ’.

ಯೂರೋಪಿನ ವಿದ್ವಾಂಸರ ಕುತೂಹಲ ಕೆರಳಿದ್ದು ಬಹಳ ತಡವಾಗಿ. ಫ್ರಾನ್ಸಿನ ಲಾ ಕೊಂದಾಮಿನ್ ದಕ್ಷಿಣ ಅಮೆರಿಕದಿಂದ 1736ರಲ್ಲಿ ಮಾದರಿಗಳನ್ನು ಕಳುಹಿಸಿದ. ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ 1770ರಲ್ಲಿ, ಈ ವಸ್ತುವಿನಿಂದ ಉಜ್ಜಿದರೆ ಸೀಸದಕಡ್ಡಿಯ ಗುರುತು ಅಳಿಸುತ್ತದೆ ಎಂದು ದಾಖಲಿಸಿದ. ‘ರಬ್ಬರ್’ ಎಂಬ ಇಂಗ್ಲಿಷ್ ಹೆಸರಿನ ಅರ್ಥ ‘ಉಜ್ಜುವ ವಸ್ತು’ ಎಂದೇ. ನಿಮ್ಮ ಕಂಪಾಸ್ ಪೆಟ್ಟಿಗೆಯ ರಬ್ಬರ್ ಇಂದಿಗೂ ಅದೇ ಕೆಲಸ ಮಾಡುತ್ತಿದೆ.

1820ರಲ್ಲಿ ಲಂಡನ್ನಿನ ಥಾಮಸ್ ಹ್ಯಾಂಕಾಕ್ ಕೈಗವಸು, ಪಾದರಕ್ಷೆ ಮುಂತಾದವುಗಳಿಗೆ ರಬ್ಬರಿನ ಪಟ್ಟಿ ಹಚ್ಚುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ಬಟ್ಟೆಗಳಲ್ಲಿ ಲಾಡಿಯ ಜಾಗಕ್ಕೆ ಬಂದ ಇಲಾಸ್ಟಿಕ್ಕಿನ ವಂಶಾವಳಿ ಇಲ್ಲಿಂದ ಶುರು. ಆದರೆ ಹಸಿ ರಬ್ಬರಿಗೆ ದೊಡ್ಡ ದೋಷವಿತ್ತು. ಬಿಸಿಲಿಗೆ ಅಂಟಂಟಾಗುತ್ತಿತ್ತು, ಚಳಿಗೆ ಕಲ್ಲಿನಂತಾಗಿ ಸೀಳುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ಹೋಗುತ್ತದೆ ಎಂದು ಕಂಡುಕೊಂಡ. 1844ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಇಷ್ಟು ದೊಡ್ಡ ಶೋಧ ಮಾಡಿದವನು 1860ರಲ್ಲಿ ಸಾಲಗಾರನಾಗಿಯೇ ತೀರಿಕೊಂಡ.

ಗಂಧಕ ಮಾಡುವ ಕೆಲಸ ಏನು? ರಬ್ಬರಿನ ಅಣುಗಳು ಸುತ್ತಿಕೊಂಡ ಉದ್ದ ದಾರಗಳಂತೆ ಇರುತ್ತವೆ. ಗಂಧಕ ಈ ದಾರಗಳ ನಡುವೆ ಅಲ್ಲಲ್ಲಿ ಸೇತುವೆ ಕಟ್ಟುತ್ತದೆ. ಎಳೆದಾಗ ದಾರಗಳು ನೆಟ್ಟಗಾಗುತ್ತವೆ, ಸೇತುವೆಗಳಿರುವುದರಿಂದ ಜಾರಿ ಬೇರೆಯಾಗುವುದಿಲ್ಲ, ಬಿಟ್ಟ ಕೂಡಲೇ ಮತ್ತೆ ಸುತ್ತಿಕೊಳ್ಳುತ್ತವೆ. ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಅಗಲವಾದ ಒಂದು ರಬ್ಬರ್ ಬ್ಯಾಂಡನ್ನು ಥಟ್ಟನೆ ಎಳೆದು ಮೇಲ್ದುಟಿಗೆ ತಾಗಿಸಿ, ಬೆಚ್ಚಗಿರುತ್ತದೆ. ಎಳೆದೇ ಹಿಡಿದು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸಡಿಲಿಸಿ ತಾಗಿಸಿ, ತಂಪಾಗಿರುತ್ತದೆ. ಇಂಗ್ಲೆಂಡಿನ ಜಾನ್ ಗೋ ಎಂಬವರು ಇದನ್ನು 1805ರಷ್ಟು ಹಿಂದೆಯೇ ಗಮನಿಸಿದ್ದರು. ಗೋ ಕಣ್ಣು ಕಾಣದವರು. ತುಟಿಯ ಸ್ಪರ್ಶವೇ ಅವರ ಪ್ರಯೋಗಶಾಲೆಯಾಗಿತ್ತು.

ಗುಡ್‌ಇಯರ್‌ಗೆ ಪೇಟೆಂಟ್ ಸಿಕ್ಕಿದ ಮರುವರ್ಷವೇ, ಅಂದರೆ 1845ರ ಮಾರ್ಚ್ 17ರಂದು, ಲಂಡನ್ನಿನ ಸ್ಟೀಫನ್ ಪೆರಿ ಎಂಬಾತ ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದ. ಉದ್ದೇಶ ಕಾಗದ, ಲಕೋಟೆಗಳನ್ನು ಒಟ್ಟಿಗೆ ಕಟ್ಟುವುದು. ಕಚೇರಿಯ ಮೇಜಿಗಾಗಿ ಹುಟ್ಟಿದ ವಸ್ತುವನ್ನು ಮಕ್ಕಳು ಅಂಗಳಕ್ಕೆ ಒಯ್ದರು.

ಮರ ಸಮುದ್ರ ದಾಟಿತು

ಆದರೆ ಲಂಡನ್ನಿನ ಮೇಜಿನ ವಸ್ತು ಸುಮಾತ್ರಾದ ಹಳ್ಳಿಯ ಹುಡುಗಿಯ ಕೈಗೆ ಸುಲಭವಾಗಿ ಸಿಗುವಷ್ಟು ಅಗ್ಗವಾದದ್ದು ಹೇಗೆ? ಈ ಭಾಗ ಅಷ್ಟು ಹಿತವಾದದ್ದಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ರಬ್ಬರ್ ಹೆಚ್ಚಾಗಿ ಅಮೆಝಾನ್ ಕಾಡಿನಿಂದ ಬರುತ್ತಿತ್ತು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷ್‌ನವನು ಅಲ್ಲಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತವು ಮೂರು ಸಾವಿರಕ್ಕೂ ಕಡಿಮೆ. ಅವುಗಳಲ್ಲಿ ಹೆಚ್ಚಿನವನ್ನು ಅದೇ ವರ್ಷ ಸಿಲೋನಿಗೆ, ಇಂದಿನ ಶ್ರೀಲಂಕಾಕ್ಕೆ, ಕಳುಹಿಸಿದರು. 1877ರಲ್ಲಿ 22 ಸಸಿಗಳು ಸಿಂಗಾಪುರ ತಲುಪಿದವು. ಅಲ್ಲಿನ ಸಸ್ಯೋದ್ಯಾನಕ್ಕೆ 1888ರಲ್ಲಿ ಬಂದ ಹೆನ್ರಿ ರಿಡ್ಲಿ, ಮರಕ್ಕೆ ಹಾನಿಯಾಗದಂತೆ ತೊಗಟೆಯನ್ನು ತೆಳುವಾಗಿ ಕೆತ್ತಿ ಹಾಲು ಇಳಿಸುವ ಕ್ರಮವನ್ನು ರೂಢಿಗೆ ತಂದ. ಕಾಫಿ ಬೆಳೆಗಾರರ ಬಳಿ ಹೋಗಿ ರಬ್ಬರ್ ನೆಡಿ ಎಂದು ಗಂಟುಬೀಳುತ್ತಿದ್ದ ಅವನನ್ನು ಜನ ಹುಚ್ಚನೆಂದು ನಗುತ್ತಿದ್ದರಂತೆ. 1896ರಲ್ಲಿ ಮಲಾಕಾದ ಚೀನೀ ಮೂಲದ ಬೆಳೆಗಾರ ತಾನ್ ಚೇ ಯಾನ್ ಮಲಯಾದ ಮೊದಲ ರಬ್ಬರ್ ತೋಟ ಹಾಕಿದ. ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರು ತಂದಿದ್ದ. ಮೋಟಾರು ಕಾರುಗಳು ಬಂದ ಮೇಲೆ ರಬ್ಬರಿಗೆ ಚಿನ್ನದ ಬೆಲೆ ಬಂತು.

ಆ ಬೆಲೆ ತೆತ್ತವರು ಯಾರು? ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡ್ 1885ರಿಂದ 1908ರವರೆಗೆ ಕಾಂಗೋವನ್ನು ತನ್ನ ಸ್ವಂತ ಆಸ್ತಿಯಂತೆ ಆಳಿದ. ಕಾಡುಬಳ್ಳಿಯ ರಬ್ಬರನ್ನು ಹೇಳಿದಷ್ಟು ತಂದುಕೊಡದ ಹಳ್ಳಿಗರ ಮೇಲೆ ಅಲ್ಲಿ ನಡೆದ ಕ್ರೌರ್ಯ, ಕೈ ಕಡಿದ ಮಕ್ಕಳ ಛಾಯಾಚಿತ್ರಗಳು ಲೋಕವನ್ನೇ ತಲ್ಲಣಗೊಳಿಸಿದವು. ಮಲಯಾದ ತೋಟಗಳಿಗೆ ನಮ್ಮ ದೇಶದಿಂದ, ಹೆಚ್ಚಾಗಿ ತಮಿಳುನಾಡಿನಿಂದ, ಕಂಗಾಣಿಗಳೆಂಬ ಮೇಸ್ತ್ರಿಗಳು ಸಾವಿರಾರು ಕೂಲಿಕಾರರನ್ನು ಒಯ್ದರು. ಬೆಳಗಿನ ಜಾವ ಎದ್ದು ಮರ ಕೆತ್ತುವುದು, ಚಿಪ್ಪಿನಲ್ಲಿ ಹಾಲು ಶೇಖರಿಸುವುದು, ಲೈನ್ ಮನೆಗಳಲ್ಲಿ ವಾಸ, ಇದು ಅವರ ಬದುಕಾಯಿತು. ಇದರ ಜೊತೆಗೆ ಸುಮಾತ್ರಾ, ಕಾಲಿಮಂತಾನ್ ಮತ್ತು ಮಲಯಾಗಳಲ್ಲಿ ಲಕ್ಷಾಂತರ ಸಣ್ಣ ರೈತರು ತಮ್ಮ ಹೊಲದಂಚಿನಲ್ಲೇ ರಬ್ಬರ್ ನೆಟ್ಟರು. ಇಂಡೋನೇಷ್ಯಾದ ರಬ್ಬರಿನಲ್ಲಿ ಬಹುಪಾಲು ಇಂದಿಗೂ ಇಂಥ ಸಣ್ಣ ಹಿಡುವಳಿಗಳಿಂದಲೇ ಬರುತ್ತದೆ.

ನಮ್ಮ ನಾಡಿಗೂ ಈ ಕಥೆಯ ಒಂದು ಎಳೆ ತಾಗಿದೆ. 1964ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ, ಬ್ರಿಟಿಷರ ಕಾಲದಲ್ಲಿ ತೋಟಗಳಿಗೆ ಹೋಗಿದ್ದ ತಮಿಳು ಕುಟುಂಬಗಳಲ್ಲಿ ದೊಡ್ಡ ಸಂಖ್ಯೆಯವರು ಭಾರತಕ್ಕೆ ಮರಳಿದರು. ಅವರಲ್ಲಿ ಕೆಲವರಿಗೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಪುನರ್ವಸತಿ ಸಿಕ್ಕಿತು. ಸುಳ್ಯದ ಕಡೆ ಹೋದರೆ ರಸ್ತೆಯ ಎರಡೂ ಕಡೆ ಸಾಲಾಗಿ ನಿಂತ ಆ ಮರಗಳನ್ನು, ಅವುಗಳಿಗೆ ಕಟ್ಟಿದ ಚಿಪ್ಪುಗಳನ್ನು ನೀವು ನೋಡಬಹುದು.

‘ಮರ್ದೇಕಾ’ ಎಂಬ ಎತ್ತರ

ಈಗ ಮತ್ತೆ ಆಟಕ್ಕೆ ಮರಳೋಣ. ಸುಮಾತ್ರಾ ದ್ವೀಪದ ಪೂರ್ವ ಭಾಗದಲ್ಲಿ ರಿಯಾವ್ ಎಂಬ ಪ್ರಾಂತವಿದೆ. ಮಲಯ್ ಭಾಷೆ, ಸಾಹಿತ್ಯಗಳ ತವರುಗಳಲ್ಲಿ ಅದೂ ಒಂದು. ಅಲ್ಲಿ ರಬ್ಬರ್ ಹಗ್ಗದ ಈ ಜಿಗಿತದ ಆಟವನ್ನು ‘ತಾಲಿ ಮರ್ದೇಕಾ’ ಎನ್ನುತ್ತಾರೆ. ತಾಲಿ ಎಂದರೆ ಹಗ್ಗ. ಮರ್ದೇಕಾ ಎಂದರೆ ಸ್ವಾತಂತ್ರ್ಯ, ಆಝಾದಿ. ಆ ಮಾತಿನ ಮೂಲ ‘ಮಹರ್ಧಿಕ’ ಎಂಬ ಸಂಸ್ಕೃತ ಪದ. ಸಮೃದ್ಧ, ಬಲಶಾಲಿ ಎಂಬ ಅರ್ಥದ ಪದ ಸಮುದ್ರ ದಾಟಿ ಹೋಗಿ ‘ದಾಸ್ಯವಿಲ್ಲದವನು’ ಎಂಬ ಅರ್ಥ ಪಡೆಯಿತು.

ಆಟಕ್ಕೆ ಈ ಹೆಸರು ಏಕೆ? ಹಗ್ಗದ ಕೊನೆಯ ಎತ್ತರದಲ್ಲಿ ಹಿಡಿದವಳ ಮುಷ್ಟಿ ಬಿಗಿದಿರುತ್ತದೆ, ತೋಳು ಆಕಾಶಕ್ಕೆ ಚಾಚಿರುತ್ತದೆ. ಸ್ವಾತಂತ್ರ್ಯ ಹೋರಾಟಗಾರರು ‘ಮರ್ದೇಕಾ!’ ಎಂದು ಕೂಗುವಾಗ ಕೈ ಎತ್ತುತ್ತಿದ್ದದ್ದು ಹಾಗೆಯೇ. ಆದ್ದರಿಂದ ಮಕ್ಕಳು ಆ ಎತ್ತರಕ್ಕೇ ಮರ್ದೇಕಾ ಎಂದು ಹೆಸರಿಟ್ಟರು.

ಹಿನ್ನೆಲೆ ನೆನಪು ಮಾಡಿಕೊಳ್ಳಿ. 1942ರಲ್ಲಿ ಜಪಾನೀಯರು ಡಚ್ಚರನ್ನು ಸೋಲಿಸಿ ಇಂಡೋನೇಷ್ಯಾವನ್ನು ಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ಅವರ ಕಣ್ಣು ಅಲ್ಲಿನ ಎಣ್ಣೆ ಮತ್ತು ರಬ್ಬರಿನ ಮೇಲಿತ್ತು. ಜಪಾನ್ ಶರಣಾದ ಎರಡೇ ದಿನಕ್ಕೆ, 1945ರ ಆಗಸ್ಟ್ 17ರಂದು, ಸುಕಾರ್ನೋ ಮತ್ತು ಹತ್ತಾ ಸ್ವಾತಂತ್ರ್ಯ ಸಾರಿದರು. ರಿಯಾವ್ ಪ್ರದೇಶದ ಸಿಯಾಕ್ ಸಂಸ್ಥಾನದ ಸುಲ್ತಾನ ಎರಡನೆಯ ಷರೀಫ್ ಕಾಸಿಂ ಹೊಸ ಗಣರಾಜ್ಯದ ಪರ ನಿಂತು ತನ್ನ ಸಂಪತ್ತಿನ ದೊಡ್ಡ ಪಾಲನ್ನು ಅದಕ್ಕೆ ಒಪ್ಪಿಸಿದ. 1998ರಲ್ಲಿ ಇಂಡೋನೇಷ್ಯಾ ಅವನಿಗೆ ರಾಷ್ಟ್ರವೀರನ ಗೌರವ ಕೊಟ್ಟಿತು. ಡಚ್ಚರು ಮರಳಿ ಬಂದರು, ಯುದ್ಧ ನಡೆಯಿತು, 1949ರ ಡಿಸೆಂಬರ್ 27ರಂದು ಅವರು ಅಧಿಕಾರ ಬಿಟ್ಟುಕೊಟ್ಟರು. ಆ ನಾಲ್ಕು ವರ್ಷ ಬೀದಿಯಲ್ಲಿ ಜನ ಎದುರಾದರೆ ಕೈ ಎತ್ತಿ ‘ಮರ್ದೇಕಾ’ ಎನ್ನುತ್ತಿದ್ದರು. ಪಕ್ಕದ ಮಲಯಾದಲ್ಲಿ 1957ರ ಆಗಸ್ಟ್ 31ರಂದು ತುಂಕು ಅಬ್ದುಲ್ ರಹಮಾನ್ ಅದೇ ಮಾತನ್ನು ಏಳು ಬಾರಿ ಕೂಗಿ ಸ್ವಾತಂತ್ರ್ಯ ಘೋಷಿಸಿದರು.

ದೊಡ್ಡವರು ಕೂಗುವುದನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಂಡದ್ದನ್ನು ಆಟಕ್ಕೆ ಒಯ್ಯುತ್ತಾರೆ. ಪರದೇಶದ ಕಂಪೆನಿಗಳ ಲಾಭಕ್ಕಾಗಿ ನೆಡಿಸಿದ ಮರದ ರಬ್ಬರನ್ನೇ ಹಗ್ಗ ಮಾಡಿ, ಅದರ ತುತ್ತತುದಿಗೆ ಸ್ವಾತಂತ್ರ್ಯ ಎಂದು ಹೆಸರಿಟ್ಟ ಮಕ್ಕಳು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಆಟದ ವಯಸ್ಸು ತಿಳಿಯುವುದು ಹೇಗೆ?

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಬರೋಣ. ಶಾಸನವಿಲ್ಲ, ಕಡತವಿಲ್ಲ. ಆದರೂ ಮೂರು ಸಾಕ್ಷಿಗಳಿವೆ.

ಒಂದು, ವಸ್ತು. ಗಂಧಕ ಬೆರೆಸಿದ ರಬ್ಬರ್ ಬ್ಯಾಂಡು 1845ಕ್ಕಿಂತ ಮುಂಚೆ ಇರಲಿಲ್ಲ. ಆದ್ದರಿಂದ ರಬ್ಬರ್ ಬ್ಯಾಂಡಿನ ಹಗ್ಗದ ಆಟ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಬ್ರೂಗಲ್ ಎಂಬ ಚಿತ್ರಕಾರ 1560ರಲ್ಲಿ ಬಿಡಿಸಿದ ‘ಮಕ್ಕಳ ಆಟಗಳು’ ಎಂಬ ಪ್ರಸಿದ್ಧ ಚಿತ್ರ ವಿಯೆನ್ನಾದಲ್ಲಿದೆ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಸುಮಾರು ಎಂಬತ್ತು ಬಗೆಯ ಆಟಗಳಲ್ಲಿ ತೊಡಗಿದ್ದಾರೆ. ಇಲಾಸ್ಟಿಕ್ ಆಟ ಇಲ್ಲ, ಇರುವಂತೆಯೂ ಇಲ್ಲ. ‘ಸಾಂಪ್ರದಾಯಿಕ’ ಎಂದ ಕೂಡಲೇ ಸಾವಿರಾರು ವರ್ಷ ಹಳೆಯದು ಎಂದು ತಿಳಿಯಬಾರದು. ಮೂರು ತಲೆಮಾರು ಕೈಯಿಂದ ಕೈಗೆ ದಾಟಿದರೆ ಅದೂ ಸಂಪ್ರದಾಯವೇ.

ಎರಡು, ಮಾತು. ಕೈ ಎತ್ತಿ ಮರ್ದೇಕಾ ಎನ್ನುವ ರೂಢಿ 1945ರ ಆಸುಪಾಸಿನದು. ಆದ್ದರಿಂದ ‘ತಾಲಿ ಮರ್ದೇಕಾ’ ಎಂಬ ಹೆಸರು ಆ ಹೋರಾಟದ ಕಾಲದ್ದು ಅಥವಾ ಅದರ ನಂತರದ್ದು. ಆಟ ಹೆಸರಿಗಿಂತ ಹಳೆಯದಿರಬಹುದು. ವಸ್ತುವಿನ ಸಾಕ್ಷಿ ಮತ್ತು ಮಾತಿನ ಸಾಕ್ಷಿ ಎರಡನ್ನೂ ಬೇರೆ ಬೇರೆ ತೂಗಬೇಕು.

ಮೂರು, ಆಡಿದವರ ನೆನಪು. ಇಂಗ್ಲೆಂಡಿನ ಐಯೋನಾ ಮತ್ತು ಪೀಟರ್ ಓಪಿ ದಂಪತಿ ಶಾಲಾ ಮಕ್ಕಳನ್ನೇ ವಿಚಾರಿಸಿ 1959ರಲ್ಲಿ ಮಕ್ಕಳ ಮಾತುಗಾರಿಕೆಯ ಬಗ್ಗೆ, 1969ರಲ್ಲಿ ಬೀದಿ ಮತ್ತು ಶಾಲೆಯಂಗಳದ ಆಟಗಳ ಬಗ್ಗೆ ದೊಡ್ಡ ಪುಸ್ತಕಗಳನ್ನು ಪ್ರಕಟಿಸಿದರು. ಮಕ್ಕಳು ಇಂಥ ಆಟಗಳನ್ನು ದೊಡ್ಡವರಿಂದಲ್ಲ, ತಮಗಿಂತ ಒಂದೆರಡು ವರ್ಷ ದೊಡ್ಡ ಮಕ್ಕಳಿಂದ ಕಲಿಯುತ್ತಾರೆ ಎಂಬುದನ್ನು ಅವರ ಕೆಲಸ ಎತ್ತಿ ತೋರಿಸಿತು. ಇದರ ಅರ್ಥ ಸ್ವಲ್ಪ ಯೋಚಿಸಿ. ಐದಾರು ವರ್ಷ ಒಂದು ಅಂಗಳದಲ್ಲಿ ಯಾರೂ ಆಡದಿದ್ದರೆ ಸಾಕು, ಕಲಿಸುವವರು ದೊಡ್ಡವರಾಗಿ ಹೊರಟುಹೋಗುತ್ತಾರೆ, ಸರಪಳಿ ಕಿತ್ತುಹೋಗುತ್ತದೆ. ರಬ್ಬರ್ ಹಗ್ಗದಲ್ಲಿ ಒಂದು ಬಳೆ ಕಿತ್ತರೆ ಬೇರೆ ಸೇರಿಸಬಹುದು, ಇಲ್ಲಿ ಅದು ಅಷ್ಟು ಸುಲಭವಲ್ಲ.

ಇಂಡೋನೇಷ್ಯಾ ಇದನ್ನು ಅರಿತಿದೆ. 2017ರಲ್ಲಿ ಅದು ಮಾಡಿದ ಸಂಸ್ಕೃತಿ ಅಭಿವೃದ್ಧಿ ಕಾನೂನಿನಲ್ಲಿ ರಾಷ್ಟ್ರ ಕಾಪಾಡಬೇಕಾದ ಹತ್ತು ಬಗೆಯ ಸಾಂಸ್ಕೃತಿಕ ಸಂಪತ್ತನ್ನು ಹೆಸರಿಸಲಾಗಿದೆ. ಹಸ್ತಪ್ರತಿ, ಭಾಷೆ, ಕಲೆಗಳ ಜೊತೆಗೆ ಜನಪದ ಆಟಗಳಿಗೂ ಅದರಲ್ಲಿ ಸ್ಥಾನವಿದೆ.

ನಮ್ಮ ಅಂಗಳ

ಇಷ್ಟೆಲ್ಲ ಹೇಳಿದ್ದು ದೂರದ ದ್ವೀಪಗಳ ಸುದ್ದಿ ತಿಳಿಯಲಿ ಎಂದು ಮಾತ್ರ ಅಲ್ಲ. ಪಾಠ ಮಾಡುವ ನಾನು ದಿನವೂ ನೋಡುವ ಒಂದು ಸಂಗತಿಯನ್ನು ಸಂಘದ ಸದಸ್ಯರ ಮತ್ತು ಪೋಷಕರ ಗಮನಕ್ಕೆ ತರಬೇಕೆಂಬ ಆಸೆಯೂ ಇದೆ.

ಆಟದ ಬಿಡುವಿನಲ್ಲಿ ಹುಡುಗರು ಚೆಂಡು ಹಿಡಿದು ಅಂಗಳದ ನಡುವೆ ಓಡುತ್ತಾರೆ. ಹುಡುಗಿಯರಿಗೆ ಉಳಿಯುವುದು ಗೋಡೆಯಂಚು ಅಥವಾ ಮೆಟ್ಟಿಲು. ಐದನೆಯ ತರಗತಿಯವರೆಗೆ ಕುಂಟೆಬಿಲ್ಲೆ ಆಡುತ್ತಿದ್ದವರು ಏಳನೆಯ ತರಗತಿಗೆ ಬರುವಷ್ಟರಲ್ಲಿ ಕೈಕಟ್ಟಿ ನಿಂತು ನೋಡುವವರಾಗುತ್ತಾರೆ. ‘ನೀನು ಈಗ ದೊಡ್ಡವಳಾದೆ, ಕುಣಿಯಬೇಡ’ ಎಂದು ಮನೆಯಲ್ಲಿ ಹೇಳಿರುತ್ತಾರೆ. ಹತ್ತನೆಯ ತರಗತಿಗೆ ಬಂದರಂತೂ ಆಟದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಟ್ಟುಬಿಡುತ್ತೇವೆ. ಫಲಿತಾಂಶದ ಒತ್ತಡ ಏನೆಂಬುದು ಶಿಕ್ಷಕರಾದ ನಮಗೆ ಗೊತ್ತು. ಆದರೆ ಹದಿಮೂರು ವರ್ಷದ ಮಗುವಿಗೆ ದಿನದಲ್ಲಿ ಹತ್ತು ನಿಮಿಷವೂ ಜಿಗಿಯಲು ಜಾಗವಿಲ್ಲದಿದ್ದರೆ ಆ ಮಗುವಿನ ಮೂಳೆ, ಉಸಿರು, ಧೈರ್ಯ ಬೆಳೆಯುವುದು ಎಲ್ಲಿ?

ಆಟ ಮಕ್ಕಳಿಗೆ ನಾವು ತೋರುವ ದಯೆ ಅಲ್ಲ, ಅದು ಅವರ ಹಕ್ಕು. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ಪರಿಚ್ಛೇದ ವಿಶ್ರಾಂತಿ ಮತ್ತು ಆಟದ ಹಕ್ಕನ್ನು ಸ್ಪಷ್ಟವಾಗಿ ಹೇಳುತ್ತದೆ. ಭಾರತ 1992ರಲ್ಲಿ ಅದಕ್ಕೆ ಸೇರಿತು. ನಮ್ಮದೇ 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಗಂಡು ಮಕ್ಕಳಿಗೆ ಮೈದಾನ, ಹೆಣ್ಣು ಮಕ್ಕಳಿಗೆ ಮೆಟ್ಟಿಲು ಎಂದು ಯಾವ ಕಾಯಿದೆಯೂ ಹೇಳಿಲ್ಲ.

ರಬ್ಬರ್ ಹಗ್ಗದ ಆಟದಿಂದ ಈ ಸಮಸ್ಯೆಯೆಲ್ಲ ಪರಿಹಾರವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಬೇಕಾದ ಜಾಗ ನಾಲ್ಕು ಮಾರು, ಖರ್ಚು ಹತ್ತಿಪ್ಪತ್ತು ರೂಪಾಯಿ. ಸಣ್ಣ ಅಂಗಳದ ಶಾಲೆಯಲ್ಲೂ, ಮಾಳಿಗೆಯ ಮೇಲೂ ಆಡಬಹುದು. ಸಲ್ವಾರ್ ಕಮೀಜ್ ತೊಟ್ಟ ಹುಡುಗಿಯರೂ ಸಲೀಸಾಗಿ ಆಡಬಹುದು. ಒಬ್ಬಳು ತಪ್ಪಿದರೆ ಹೊರಗೆ ಕೂರುವುದಿಲ್ಲ, ಹಗ್ಗ ಹಿಡಿಯುತ್ತಾಳೆ, ಆಟದಲ್ಲೇ ಉಳಿಯುತ್ತಾಳೆ.

ವಿದ್ಯಾರ್ಥಿ ಮಿತ್ರರೇ, ನಿಮಗೊಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮ ಅಮ್ಮಿ, ನಾನಿ, ದಾದಿ, ಅಕ್ಕಪಕ್ಕದ ಅಜ್ಜಿಯರ ಬಳಿ ಕುಳಿತು ಅವರು ಚಿಕ್ಕಂದಿನಲ್ಲಿ ಏನು ಆಡುತ್ತಿದ್ದರು ಎಂದು ಕೇಳಿ. ಆಟದ ಹೆಸರು, ನಿಯಮ, ಯಾವ ಊರು, ಸುಮಾರು ಯಾವ ವರ್ಷ, ಯಾವ ವಸ್ತುಗಳಿಂದ ಆಡುತ್ತಿದ್ದರು, ಎಷ್ಟನೆಯ ವಯಸ್ಸಿಗೆ ಆಡುವುದನ್ನು ನಿಲ್ಲಿಸಿದರು, ಏಕೆ ನಿಲ್ಲಿಸಿದರು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಖನಿಯಲ್ಲಿ ಹೇಳಿದರೆ ದಖನಿಯಲ್ಲೇ ಬರೆಯಿರಿ, ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿ. ಅವರ ಮಾತನ್ನು ತಿದ್ದಬೇಡಿ. ಕೊನೆಯ ಪ್ರಶ್ನೆಗೆ ಬರುವ ಉತ್ತರಗಳನ್ನು ಮಾತ್ರ ಸ್ವಲ್ಪ ಹೆಚ್ಚು ಎಚ್ಚರದಿಂದ ಕೇಳಿಸಿಕೊಳ್ಳಿ. ನಮ್ಮ ಮನೆಗಳ ಹೆಣ್ಣು ಮಕ್ಕಳ ಚರಿತ್ರೆಯ ಬಹುಭಾಗ ಅಲ್ಲಿಯೇ ಇದೆ.

ಬರೆದ ಮೇಲೆ ಆ ಪುಸ್ತಕವನ್ನು ಮುಚ್ಚಿಟ್ಟು ಒಂದು ಹಿಡಿ ರಬ್ಬರ್ ಬ್ಯಾಂಡು ತನ್ನಿ. ಹೆಣೆಯುವುದು ಹೇಗೆಂದು ಮೇಲೆ ಹೇಳಿದ್ದೇನೆ. ಮೊದಲ ಹಂತ ನೆಲದ ಮಟ್ಟ.